ಟೆನಿಸ್ ಟೂರ್ನಿ ಆಡುವ ಹುಡುಗಿಯ ಮನೆಗೆ ಡ್ರಾಪ್-ವೇಟ್ ಗಟ್ಟಿಂಗ್ ಮಷಿನ್: ಕೊಳ್ಳಬಹುದೇ?

ಧಾರವಾಡದಿಂದ ಟೂರ್ನಿಗೆ ಹೊರಟ ಹುಡುಗಿ ಗೆದ್ದಷ್ಟೂ ಗಟ್, ಅಂದರೆ ರಾಕೆಟ್ಟಿನ ಎಳೆಗಳ, ಖರ್ಚು ಏರುತ್ತದೆ. ವೃತ್ತಿಪರ ಮಹಿಳಾ ಟೆನಿಸ್ಸಿನ ಕೆಳಮೆಟ್ಟಿಲಾದ ಡಬ್ಲ್ಯು15 ಟೂರ್ನಿಯಲ್ಲಿ ಅರ್ಹತಾ ಸುತ್ತಿನಿಂದ ಫೈನಲ್ ಮುಟ್ಟಿದರೆ ವಾರದಲ್ಲಿ 7 ಪಂದ್ಯವಾದರೂ ಆಗುತ್ತವೆ. 2021ರ ಯುಎಸ್ ಓಪನ್‌ನಲ್ಲಿ 18ರ ಎಮ್ಮಾ ರಾಡುಕಾನು ಅರ್ಹತಾ ಸುತ್ತಿನಿಂದ ಕಪ್‌ವರೆಗೆ ಆಡಿದ್ದು 10 ಪಂದ್ಯ, 20 ಸೆಟ್. ಒಂದು ಸೆಟ್ಟೂ ಬಿಡಲಿಲ್ಲ. ಪಂದ್ಯಕ್ಕೊಂದು ಹೊಸ ಗಟ್ ಎಂದು ಲೆಕ್ಕ ಹಾಕಿ ನೋಡಿ. ಹುಬ್ಬಳ್ಳಿಗೆ ರಾಕೆಟ್ ಕೊಟ್ಟು ಬಂದು, ಮತ್ತೆ ಚಿಗರಿ ಬಸ್ ಹತ್ತಿ ಹೋಗಿ ತರುವುದು ಸೀಸನ್ ನಡುವೆ ನಡೆಯುವ ಮಾತಲ್ಲ.

ಈ ಮಷಿನ್‌ಗೆ (ಮನೆಯಲ್ಲೇ ಗಟ್ ಹಾಕುವ ಡ್ರಾಪ್-ವೇಟ್) ಕರೆಂಟ್ ಬೇಡ. ತಕ್ಕಡಿಯ ಹಾಗೆ ಒಂದು ಸರಳು, ಅದರ ಮೇಲೆ ಜಾರುವ ತೂಕ. ಗಟ್ ಹಿಗ್ಗಿದರೂ ತೂಕ ಎಳೆಯುತ್ತಲೇ ಇರುತ್ತದೆ. ಕೈಯಲ್ಲಿ ತಿರುಗಿಸುವ ಕ್ರ್ಯಾಂಕ್ ಮಷಿನ್ ಮಾತ್ರ ಹೇಳಿದ ಅಂಕಿ ಮುಟ್ಟಿದೊಡನೆ ಲಾಕ್ ಆಗಿಬಿಡುತ್ತದೆ, ಆಮೇಲೆ ಗಟ್ ಸಡಿಲವಾಗುತ್ತದೆ. ಹಾಗಾಗಿ ಅಂಗಡಿಯ ಕ್ರ್ಯಾಂಕ್‌ನಲ್ಲಿ 52 ಪೌಂಡ್ ಬಿಗಿ ಹಾಕಿಸುತ್ತಿದ್ದವರು ಇಲ್ಲಿ 50ರಿಂದ ಶುರು ಮಾಡಲಿ.

ಎಡವಟ್ಟಾಗುವುದು ಸರಳಿನಲ್ಲೇ. ಅದು ನೆಲಕ್ಕೆ ಸಮವಾಗಿ ನಿಂತಾಗ ಮಾತ್ರ ಅಂಕಿ ನಿಜ. 10 ಡಿಗ್ರಿ ವಾಲಿದರೆ 50ಕ್ಕೆ ಒಂದು ಪೌಂಡೂ ಕಡಿಮೆಯಾಗದು, ಚಿಂತೆ ಬೇಡ. 20 ಡಿಗ್ರಿ ವಾಲಿದರೆ ಕೈಗೆ ಸಿಗುವುದು 47. ಅವಸರದಲ್ಲಿ ಒಂದೆಳೆ ಹೀಗೆ, ಇನ್ನೊಂದೆಳೆ ಹಾಗೆ ಎಳೆದರೆ ಆ ರಾಕೆಟ್‌ನಲ್ಲಿ ಚೆಂಡು ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು.

ಗದಗ-ಬೆಟಗೇರಿಯ ನೇಕಾರರಿಗೆ ಈ ಕೆಲಸ ಹೇಳಿಕೊಡುವುದೇ ಬೇಡ: ಮೇನ್ ಎಂಬ ಉದ್ದದ ಎಳೆ ಅಂದರೆ ಹಾಸು, ಕ್ರಾಸ್ ಎಂಬ ಅಡ್ಡ ಎಳೆ ಅಂದರೆ ಹೊಕ್ಕು. ಹಳೆಯ ಗಟ್ಟನ್ನು ನಡುವಿನಿಂದ ಹೊರಗೆ, ಎರಡೂ ದಿಕ್ಕಿನಲ್ಲಿ ಸಮನಾಗಿ ಕತ್ತರಿಸಿ. ತಲೆ 100 ಚದರ ಇಂಚಿನ, 16x19 (16 ಹಾಸು, 19 ಹೊಕ್ಕು) ರಾಕೆಟ್‌ಗೆ ಹಾಸಿನ ಎಳೆಗೆ ಸುಮಾರು 6.4 ಮೀಟರ್, ಹೊಕ್ಕಿಗೆ 5.5 ಸಾಕು. ಹಾಸನ್ನು ನಡುವಿನಿಂದ ಎರಡೂ ಬದಿಗೆ ಸಮನಾಗಿ ಎಳೆಯಿರಿ, ಹೊಕ್ಕನ್ನು ತಲೆಯಿಂದ ಹಿಡಿಯ ಕಡೆಗೆ. ಹಾಸು ಮುಗಿಸಿ "ನಾಳೆ ನೋಡೋಣ" ಎಂದು ಮಲಗಬೇಡಿ. ಹಾಸಿನ ಎಳೆತಕ್ಕೆ ಫ್ರೇಮ್ ಉದ್ದದಲ್ಲಿ ಕುಗ್ಗಿ ಅಗಲವಾಗಿರುತ್ತದೆ, ಹೊಕ್ಕು ಬಿದ್ದ ಮೇಲೆಯೇ ಆಕಾರಕ್ಕೆ ಬರುತ್ತದೆ. ಮೊದಮೊದಲು ಒಂದು ರಾಕೆಟ್‌ಗೆ ಎರಡು ತಾಸು, ಕೈ ಕುದುರಿದ ಮೇಲೆ ಒಂದು.

ಅಗ್ಗದ ಮಾದರಿಗಳ ನಿಜವಾದ ಕೊರತೆ ಎಳೆದ ಗಟ್ಟನ್ನು ಹಿಡಿದಿಡುವ ಕ್ಲ್ಯಾಂಪ್. ತೇಲುವ ಕ್ಲ್ಯಾಂಪ್ ಪಕ್ಕದ ಎಳೆಯನ್ನೇ ಆಸರೆ ಹಿಡಿಯುವುದರಿಂದ ವಾಲುತ್ತದೆ, ಪ್ರತಿ ಸಲವೂ ಒಂದಿಷ್ಟು ಬಿಗಿ ತಿನ್ನುತ್ತದೆ. ನುಣುಪಾದ ಪಾಲಿ (ಪಾಲಿಯೆಸ್ಟರ್) ಗಟ್ಟಂತೂ ಜಾರಿಯೇ ಜಾರುತ್ತದೆ. ಕ್ಲ್ಯಾಂಪಿನ ಹಲ್ಲುಗಳನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಿ, ಜಾರಿತೆಂದು ವಿಪರೀತ ಬಿಗಿಯಬೇಡಿ, ಗಟ್ ಜಜ್ಜಿಹೋಗುತ್ತದೆ. ಮಷಿನ್‌ಗೇ ಜೋಡಿಸಿದ ಸ್ಥಿರ ಕ್ಲ್ಯಾಂಪ್, ಫ್ರೇಮನ್ನು ಆರು ಕಡೆ ಹಿಡಿಯುವ ಮಾದರಿ ಸಿಕ್ಕರೆ ಸ್ವಲ್ಪ ದುಡ್ಡು ಹೆಚ್ಚಾದರೂ ಅದನ್ನೇ ಕೊಳ್ಳಿ. ಎರಡೇ ಕಡೆ ಹಿಡಿಯುವುದು ತಿಂಗಳಿಗೊಮ್ಮೆ ಗಟ್ ಹಾಕುವವರಿಗೆ ಸರಿ.

ಗಟ್ಟನ್ನು 200 ಮೀಟರ್ ರೀಲ್‌ನಲ್ಲೇ ತನ್ನಿ, ಹಾಸು-ಹೊಕ್ಕು ಎರಡಕ್ಕೂ ಅದನ್ನೇ ಹಾಕಿದರೆ 16 ರಾಕೆಟ್‌ಗೆ ಬರುತ್ತದೆ. ಪಾಲಿ ಗಟ್ ಹರಿಯುವ ಮೊದಲೇ ಸಾಯುತ್ತದೆ: 10-12 ತಾಸು ಆಡಿದ ಮೇಲೆ ಎಳೆಗಳು ಸರಿದ ಜಾಗಕ್ಕೆ ಮರಳದಿದ್ದರೆ ಕತ್ತರಿಸಿಬಿಡಿ. 14-15ರ ಹುಡುಗಿಗೆ ಪೂರ್ತಿ ಪಾಲಿ ಬೇಡ. ಮಣಿಕಟ್ಟು, ಮೊಣಕೈ ನೋಯುತ್ತವೆ. ಹಾಸಿನ ಎಳೆಗೆ ಪಾಲಿ, ಹೊಕ್ಕಿಗೆ ಸಣ್ಣ ನೂಲುಗಳನ್ನು ಸೇರಿಸಿದ ಮೆತ್ತನೆಯ ಮಲ್ಟಿಫಿಲಮೆಂಟ್, 46-48 ಪೌಂಡ್ ಸಾಕು. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ರಾಕೆಟ್ ಬಿಟ್ಟರೆ ಮಾತ್ರ ಗಟ್ ಸಡಿಲವಾಗಿ ಈ ಲೆಕ್ಕವೆಲ್ಲ ನೀರುಪಾಲು.

ಪುಣೆ, ಸೊಲ್ಲಾಪುರದ ಟೂರ್ನಿಗೆ ಈ ಮಷಿನ್ ಹೊತ್ತೊಯ್ಯಲಾಗದು. ಹೊರಡುವ ಹಿಂದಿನ ದಿನ ಮೂರು ರಾಕೆಟ್‌ಗೆ 46, 48, 50 ಹಾಕಿ, ಹಿಡಿಯ ಮೇಲ್ಭಾಗಕ್ಕೆ ಟೇಪ್ ಅಂಟಿಸಿ ತಾರೀಖು, ಪೌಂಡ್ ಬರೆದುಬಿಡಿ. ಚೆಂಡು ಉದ್ದ ಹೋಗುತ್ತಿದ್ದರೆ 50ರದ್ದು ತೆಗೆಯಲಿ, ನೆಟ್ಟಿಗೆ ಬೀಳುತ್ತಿದ್ದರೆ 46ರದ್ದು.