ಚರ್ಮ ಕೆರೆದು ನೋಡದೆ ನಾಯಿಗೆ ಸ್ಟಿರಾಯ್ಡ್ ಚುಚ್ಚುವವರ ಬಗ್ಗೆ ಎಚ್ಚರ

ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳಲ್ಲಿ ಬೈಕಿಗೆ ಔಷಧದ ಚೀಲ ತಗುಲಿಹಾಕಿಕೊಂಡು ಬಂದು ಹಸು, ಕುರಿ, ನಾಯಿ ಎಲ್ಲಕ್ಕೂ ಇಂಜೆಕ್ಷನ್ ಕೊಟ್ಟುಹೋಗುವವರಿದ್ದಾರೆ. ಅಂಥ ಒಬ್ಬ ವ್ಯಕ್ತಿಯಿಂದ ನಮ್ಮ ನಾಯಿಗೆ ಆದ ತೊಂದರೆಯನ್ನು, ನಾಯಿಯ ಚರ್ಮ ಕೆಂಪಾಗಿ ಕೂದಲು ಉದುರತೊಡಗಿದಾಗ ಬೇರೆಯವರಾದರೂ ಎಚ್ಚರ ವಹಿಸಲೆಂದು ಬರೆಯುತ್ತಿದ್ದೇನೆ.

ವರ್ಷವೂ ತುಂಬದ ನಾಯಿಗೆ ಮೊದಲು ಕಣ್ಣಿನ ಸುತ್ತ, ಆಮೇಲೆ ಮುಂಗಾಲುಗಳಲ್ಲಿ ಕೂದಲು ಉದುರಿ ಚರ್ಮ ಕೆಂಪಾಯಿತು. ಬಂದಾತ ಅದನ್ನು ಮುಟ್ಟಿಯೂ ನೋಡದೆ, ರೇಷ್ಮೆ ಹುಳು ಸಾಕುವ ಮನೆಗೆ ಎರಚುವ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ತಾಗಿ ಅಲರ್ಜಿಯಾಗಿದೆ ಎಂದು ತೀರ್ಮಾನಿಸಿದ. ಆ ಪುಡಿಗಳು ಪಾದ ಮತ್ತು ಹೊಟ್ಟೆಯ ಚರ್ಮವನ್ನು ಸುಡಬಲ್ಲವಾದ್ದರಿಂದ ರೇಷ್ಮೆ ಸಾಕುವ ಮನೆಯಲ್ಲಿ ಆ ಮಾತು ನಂಬುವಂತೆಯೇ ಕೇಳಿಸುತ್ತದೆ. ಆದರೆ ಕಣ್ಣಿನ ಸುತ್ತ ಕೂದಲು ಹೋದದ್ದೇಕೆ ಎಂಬುದಕ್ಕೆ ಅದು ಉತ್ತರವಲ್ಲ. ಇಂಜೆಕ್ಷನ್ ಕೊಟ್ಟ ಮಾರನೆಯ ದಿನವೇ ತುರಿಕೆ ನಿಂತಿತು. ಅದು ಮರುಕಳಿಸಿದಾಗಲೆಲ್ಲ ಮತ್ತೊಂದು ಇಂಜೆಕ್ಷನ್. ಏನು ಕೊಡುತ್ತಿದ್ದೀರಿ ಎಂದು ಕೇಳಿದರೆ, "ಪವರ್ ಜಾಸ್ತಿ ಇರೋ ಔಷಧಿ ಸಾರ್" ಎಂಬಷ್ಟೇ ಉತ್ತರ. ಚೀಟಿ ಬರೆಯುತ್ತಿರಲಿಲ್ಲ, ಖಾಲಿ ಸೀಸೆಯನ್ನೂ ಚೀಲಕ್ಕೆ ಹಾಕಿಕೊಂಡೇ ಹೋಗುತ್ತಿದ್ದ. ಬರುಬರುತ್ತ ನಾಯಿ ಮಿತಿಮೀರಿ ನೀರು ಕುಡಿದು, ಮನೆಯೊಳಗೇ ಮೂತ್ರ ಮಾಡಿ, ಎಷ್ಟು ತಿಂದರೂ ಹಸಿದಂತಿದ್ದು, ಹೊಟ್ಟೆ ಜೋತುಬಿದ್ದು, ಕೊನೆಗೆ ಮೈತುಂಬ ಕೀವುಗುಳ್ಳೆಗಳೆದ್ದು ನಾರತೊಡಗಿತು.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವೈದ್ಯರು ಚರ್ಮವನ್ನು ಹಿಂಡಿ ಹಿಡಿದು, ತುಸು ರಕ್ತ ಜಿನುಗುವವರೆಗೆ ಬ್ಲೇಡಿನಿಂದ ಕೆರೆದು, ಬಂದದ್ದನ್ನು ಎಣ್ಣೆಯಲ್ಲಿ ಕಲಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಂಡದ್ದು ಡೆಮೊಡೆಕ್ಸ್ ಎಂಬ ನುಸಿ. ಕೂದಲಿನ ಬುಡದಲ್ಲಿ ವಾಸಿಸುವ ಈ ನುಸಿ ಹುಟ್ಟಿದ ಮೊದಲ ದಿನಗಳಲ್ಲೇ ತಾಯಿಯಿಂದ ಮರಿಗೆ ದಾಟುತ್ತದೆ. ಆರೋಗ್ಯವಾಗಿರುವ ನಾಯಿಯಲ್ಲೂ ಇರುತ್ತದೆ, ಆದರೆ ದೇಹದ ರೋಗನಿರೋಧಕ ಶಕ್ತಿ ಅದನ್ನು ಹತೋಟಿಯಲ್ಲಿಡುತ್ತದೆ. ಆತ ಚುಚ್ಚುತ್ತಿದ್ದ ಸ್ಟಿರಾಯ್ಡ್ ತುರಿಕೆಯನ್ನು ತಗ್ಗಿಸುವಾಗಲೇ ಆ ಶಕ್ತಿಯನ್ನೂ ಕುಗ್ಗಿಸುವುದರಿಂದ ನುಸಿ ಮಿತಿಮೀರಿ ಬೆಳೆಯಿತು, ಹುಣ್ಣಿಗೆ ಬ್ಯಾಕ್ಟೀರಿಯಾ ಸೇರಿತು. ಅತಿಯಾದ ಬಾಯಾರಿಕೆ, ಹಸಿವು, ಜೋಲು ಹೊಟ್ಟೆ ಇವೂ ಸ್ಟಿರಾಯ್ಡಿನ ಫಲವೇ ಎಂದು ಅಲ್ಲಿ ತಿಳಿಯಿತು. ನಿಜವಾದ ಅಲರ್ಜಿಗೆ ಅದು ಒಳ್ಳೆಯ ಔಷಧ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲರ್ಜಿ, ನುಸಿ, ಶಿಲೀಂಧ್ರ ಮೂರೂ ಹೊರನೋಟಕ್ಕೆ ಒಂದೇ ಬಗೆಯ ಕೆಂಪು ಚರ್ಮವಾಗಿ ಕಾಣಬಹುದಾದ್ದರಿಂದ, ಪರೀಕ್ಷೆಯಿಲ್ಲದೆ ಅದನ್ನು ಕೊಡುವುದು ಚಿಕಿತ್ಸೆಯಲ್ಲ. ಕಿವಿಯ ಅಂಚಿನಲ್ಲೂ ಮೊಣಕೈಯಲ್ಲೂ ವಿಪರೀತ ತುರಿಕೆ ತರುವ ಸಾರ್ಕಾಪ್ಟಿಸ್ ನುಸಿಯಾದರೆ ಮನೆಯವರಿಗೂ ಅಂಟುತ್ತದೆ. ಕಜ್ಜಿಗೆ ಸುಟ್ಟ ಎಂಜಿನ್ ಆಯಿಲ್ ಬಳಿಯಿರಿ ಎನ್ನುವವರ ಮಾತನ್ನಂತೂ ಕೇಳಲೇಬೇಡಿ. ನಾಯಿ ಅದನ್ನು ನೆಕ್ಕಿ ನುಂಗುತ್ತದೆ.

1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯಿದೆಯ ಪ್ರಕಾರ ನೋಂದಾಯಿತ ಪಶುವೈದ್ಯರು ಮಾತ್ರ ಇಂಥ ಚಿಕಿತ್ಸೆ ನೀಡಬಹುದು. ಆದ್ದರಿಂದ ನೋಂದಣಿ ಸಂಖ್ಯೆ ಕೇಳಲು ಸಂಕೋಚಪಡಬೇಡಿ. ಔಷಧದ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಸೀಸೆಯ ಫೋಟೋ ತೆಗೆದಿಟ್ಟುಕೊಳ್ಳಿ. ಈಗಾಗಲೇ ಸ್ಟಿರಾಯ್ಡ್ ಮಾತ್ರೆ ನಡೆಯುತ್ತಿದ್ದರೆ ಹೆದರಿ ಥಟ್ಟನೆ ನಿಲ್ಲಿಸುವುದೂ ಅಪಾಯವಾದ್ದರಿಂದ, ಅದನ್ನು ಹಂತಹಂತವಾಗಿ ಇಳಿಸುವ ಕ್ರಮವನ್ನು ವೈದ್ಯರಿಂದಲೇ ಕೇಳಿ ತಿಳಿಯಿರಿ. ನುಸಿಯ ಚಿಕಿತ್ಸೆ ದೀರ್ಘವಾದದ್ದು: ಕೂದಲು ಮರಳಿ ಬಂದರೂ, ಒಂದು ತಿಂಗಳ ಅಂತರದ ಎರಡು ಪರೀಕ್ಷೆಗಳಲ್ಲಿ ನುಸಿ ಕಾಣದಿರುವವರೆಗೆ ಔಷಧ ನಿಲ್ಲಿಸುವಂತಿಲ್ಲ.

ರೇಷ್ಮೆ ಸಾಕುವವರು ತಮ್ಮ ಮನೆಯಲ್ಲಿ ಹುಳುವಿದೆ ಎಂದು ವೈದ್ಯರಿಗೆ ಮೊದಲೇ ಹೇಳಬೇಕು. ನಾಯಿಯ ಮೈಗೆ ಹಚ್ಚುವ ಉಣ್ಣಿ, ನುಸಿಗಳ ಔಷಧದ ಅಂಶ ಕೈಗೋ ಬಟ್ಟೆಗೋ ಅಂಟಿ ಹುಳು ಮನೆ ಸೇರಿದರೆ ಬೆಳೆಯೇ ಕೈತಪ್ಪಬಹುದು. ಅದನ್ನು ಹಚ್ಚುವ ಕೆಲಸ ಸೊಪ್ಪು ಹಾಕಲು ಹೋಗದವರ ಪಾಲಿಗೇ ಇರಲಿ.