ಡಿಗ್ರಿ ಕಾಲೇಜಿಗೆ ಮೂಡಲ್: ತಂತ್ರಾಂಶ ಪುಕ್ಕಟೆ, ಕಾವಲು ನಮ್ಮದು

ನೋಟ್ಸು, ಅಸೈನ್‌ಮೆಂಟು, ಇಂಟರ್ನಲ್ ಮಾರ್ಕ್ಸು ಎಲ್ಲವನ್ನೂ ವಾಟ್ಸಾಪ್ ಗ್ರೂಪಿನಲ್ಲೇ ನಡೆಸಿ ಸಾಕಾಗಿದ್ದರೆ ಕೊಪ್ಪಳ, ಕುಷ್ಟಗಿ ಕಡೆಯ ಕಾಲೇಜುಗಳು ಪಾಠ, ಪರೀಕ್ಷೆಗಳನ್ನು ಆನ್‌ಲೈನಿನಲ್ಲಿ ನಡೆಸುವ ಮೂಡಲ್ ತಂತ್ರಾಂಶ ಹಾಕಿ ನೋಡಬಹುದು. 2002ರಿಂದ ಬಳಕೆಯಲ್ಲಿರುವ ಇದಕ್ಕೆ ಲೈಸೆನ್ಸ್ ಶುಲ್ಕವಿಲ್ಲ. ಸರ್ವರ್ ಬಾಡಿಗೆ, ಡೊಮೈನ್ ಖರ್ಚು ಮಾತ್ರ. 4.5 ಆವೃತ್ತಿಗೆ ಭದ್ರತಾ ತಿದ್ದುಪಡಿ 2027ರ ಅಕ್ಟೋಬರ್‌ವರೆಗೆ ಸಿಗುತ್ತದೆ. ಅದು ಓಡಲು ಸರ್ವರಿನಲ್ಲಿ ಪಿಎಚ್‌ಪಿ ಎಂಬ ತಂತ್ರಾಂಶದ ಕನಿಷ್ಠ 8.1 ಆವೃತ್ತಿ ಬೇಕು. ಕನ್ನಡ ಭಾಷಾ ಪ್ಯಾಕ್ ಇದೆ, ಅನುವಾದ ಅರ್ಧಂಬರ್ಧ.

ಮೆಚ್ಚಬೇಕಾದದ್ದು ಕ್ವಿಜ್. ಉತ್ತರ ತಿದ್ದಿದ ಒಂದು ನಿಮಿಷಕ್ಕೆ ತಾನಾಗಿಯೇ ಸೇವ್ ಆಗುತ್ತದೆ. ಲ್ಯಾಬಿನಲ್ಲಿ ಕರೆಂಟು ಹೋಗಿ ಬಂದರೆ ಮತ್ತೆ ಲಾಗಿನ್ ಆಗಿ ಬಿಟ್ಟಲ್ಲಿಂದಲೇ ಬರೆಯಬಹುದು. ಆದರೆ ಟೈಮರ್ ನಿಂತಿರುವುದಿಲ್ಲ! ಒಬ್ಬೊಬ್ಬ ವಿದ್ಯಾರ್ಥಿಗೆ ಬೇರೆ ಸಮಯ ಕೊಡುವ ಯೂಸರ್ ಓವರ್‌ರೈಡ್‌ನಲ್ಲಿ ಸಮಯ ಸೇರಿಸುವುದನ್ನು ಲೆಕ್ಚರರ್‌ಗಳು ಪರೀಕ್ಷೆಗೆ ಮುಂಚೆಯೇ ಕಲಿತಿರಲಿ. ನಕಲು ತಡೆಯುವ ಸೇಫ್ ಎಕ್ಸಾಮ್ ಬ್ರೌಸರ್ ಆಂಡ್ರಾಯ್ಡಿಗೆ ಇಲ್ಲ, ಹಾಗಾಗಿ ಆಂಡ್ರಾಯ್ಡ್ ಮೊಬೈಲಿನಲ್ಲಿ ಬರೆಯುವ ಪರೀಕ್ಷೆಗೆ ಉಪಯೋಗವಿಲ್ಲ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದ ಅಸೈನ್‌ಮೆಂಟು ಹತ್ತದಿದ್ದರೆ ವಿದ್ಯಾರ್ಥಿಯನ್ನು ಬೈಯಬೇಡಿ. ಪಿಎಚ್‌ಪಿಯ ಅಪ್‌ಲೋಡ್ ಮಿತಿ ಮೂಲತಃ 2 ಎಂಬಿ. ಅದನ್ನೂ, ಒಮ್ಮೆಗೆ ಒಟ್ಟು ಕಳಿಸಬಹುದಾದ ಡೇಟಾದ ಪೋಸ್ಟ್ ಮಿತಿಯನ್ನೂ ಒಟ್ಟಿಗೇ ಏರಿಸಬೇಕು.

ಕೆಡುವುದು ಪಾಸ್‌ವರ್ಡಿನಲ್ಲಿ. ಆಫೀಸಿನವರು ವಿದ್ಯಾರ್ಥಿಗಳ ಖಾತೆ ತೆರೆಯಲು ಎಕ್ಸೆಲ್ಲಿನಿಂದ ಪಟ್ಟಿಯ ಸಿಎಸ್‌ವಿ ಫೈಲ್ ಮಾಡಿ ರಿಜಿಸ್ಟರ್ ನಂಬರನ್ನೇ ಯೂಸರ್‌ನೇಮ್, ಹುಟ್ಟಿದ ತಾರೀಕನ್ನೇ ಪಾಸ್‌ವರ್ಡ್ ಮಾಡಿಬಿಡುತ್ತಾರೆ. ನಂಬರುಗಳು ಸಾಲಾಗಿ ಇರುತ್ತವೆ, ಹುಟ್ಟುಹಬ್ಬ ಇಡೀ ಕ್ಲಾಸಿಗೆ ಗೊತ್ತು. ಅಪ್‌ಲೋಡ್ ಮಾಡುವಾಗಲೇ ಪಾಸ್‌ವರ್ಡ್ ಬದಲಾವಣೆಯನ್ನು ಎಲ್ಲರಿಗೂ ಕಡ್ಡಾಯ ಮಾಡಿ. ತಪ್ಪು ಪಾಸ್‌ವರ್ಡಿಗೆ ಖಾತೆ ಲಾಕ್ ಆಗುವ ವ್ಯವಸ್ಥೆ ಮೊದಲಿಗೆ ಆಫ್ ಇರುತ್ತದೆ, ಆನ್ ಮಾಡಿ. ಪಾಸ್‌ವರ್ಡಿನ ಮೇಲೆ ಇನ್ನೊಂದು ಗುರುತು ಕೇಳುವ ಎರಡನೇ ಹಂತದ ದೃಢೀಕರಣ 4.3 ಆವೃತ್ತಿಯಿಂದ ಮೂಡಲ್ ಒಳಗೇ ಬಂದಿದೆ. ವಿದ್ಯಾರ್ಥಿಗಳಿಗೆ ಬೇಡ, ಲೆಕ್ಚರರ್ ಮತ್ತು ಅಡ್ಮಿನ್‌ಗಳಿಗೆ ಕಡ್ಡಾಯ ಮಾಡಿ. ಅಂಕ ಯಾರು ತಿದ್ದಿದರೆಂದು ಗ್ರೇಡ್ ಹಿಸ್ಟರಿ ತೋರಿಸುತ್ತದೆ ನಿಜ. ಆದರೆ ಲಾಗೌಟ್ ಮಾಡದೆ ಎದ್ದುಹೋದ ಲೆಕ್ಚರರ್ ಖಾತೆಯಲ್ಲಿ ಯಾರೋ ತಿದ್ದಿದ್ದರೆ ಅಲ್ಲಿ ಕಾಣುವುದು ಲೆಕ್ಚರರ್ ಹೆಸರೇ.

ಅಪ್‌ಲೋಡ್ ಆದ ಫೈಲುಗಳು ಕೂರುವ ಮೂಡಲ್‌ಡೇಟಾ ಫೋಲ್ಡರು ವೆಬ್ ಫೋಲ್ಡರಿನ ಹೊರಗಿರಬೇಕು, ಇಲ್ಲವಾದರೆ ಉತ್ತರಪತ್ರಿಕೆಗಳು ಬ್ರೌಸರಿನಲ್ಲಿ ನೇರವಾಗಿ ತೆರೆದುಕೊಂಡಾವು. ಬ್ಯಾಕಪ್ ಅಂದರೆ ಡೇಟಾಬೇಸ್ ಮತ್ತು ಈ ಫೋಲ್ಡರು ಎರಡೂ. ಒಂದನ್ನೇ ಇಟ್ಟುಕೊಂಡರೆ ಅದು ಕೆಲಸಕ್ಕೆ ಬಾರದು. ಸರ್ವರಿನಲ್ಲಿ ಹಿನ್ನೆಲೆ ಕೆಲಸಗಳನ್ನು ತಾನಾಗಿ ನಡೆಸುವ ಕ್ರಾನ್ ನಿಮಿಷಕ್ಕೊಮ್ಮೆ ಓಡದಿದ್ದರೆ ನೋಟಿಫಿಕೇಶನ್ ಮೇಲ್‌ಗಳು ನಿಂತುಹೋಗುತ್ತವೆ. ಸರ್ವರ್ ಹ್ಯಾಕ್ ಆದರೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳು 180 ದಿನ ಉಳಿದಿರಬೇಕು. ಇದು 2022ರ ನಿರ್ದೇಶನ.

ಇಷ್ಟನ್ನು ವಾರವಾರ ನೋಡಿಕೊಳ್ಳುವ ಒಬ್ಬರು ಸಿಬ್ಬಂದಿಯಲ್ಲಿ ಇಲ್ಲದಿದ್ದರೆ ಸದ್ಯಕ್ಕೆ ಗೂಗಲ್ ಕ್ಲಾಸ್‌ರೂಮೇ ವಾಸಿ.