ಹಾವು ಕೊಂಡ ಅಂಗಡಿ: ಎರಡೇ ಸ್ಟಾರ್

ಬಾಲ್ ಪೈಥಾನ್ ಅನ್ನೋ ಸಣ್ಣ ಜಾತಿಯ ಹೆಬ್ಬಾವು ಇದು, ನಮ್ಮಲ್ಲೇ ಮೊಟ್ಟೆಯೊಡೆದ ಮರಿ ಅಂತ ಹೇಳಿ ಕೊಟ್ಟರು. ಮನೆಗೆ ತಂದು ನೋಡಿದರೆ ಗದ್ದದ ಕೆಳಗೆ ಹುರುಪೆಗಳ ಸಂದಿಯಲ್ಲಿ ಎರಡು ಉಣ್ಣಿ ಕಚ್ಚಿಕೊಂಡಿದ್ದವು, ನೀರಿನ ಬಟ್ಟಲಿನ ತಳದಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಗಳು, ಅಂದರೆ ಮೈಟ್, ಹಾವಿನ ರಕ್ತ ಹೀರುವ ಪುಟ್ಟ ಹುಳ. ಮೈಮೇಲೆ ಹಳೇ ಗಾಯದ ಗುರುತು ಬೇರೆ. ಕಾಡಿನಿಂದ ಹಿಡಿದು ತಂದದ್ದೇ ಇರಬೇಕು ಅಂದರು ವೈದ್ಯರು. ಹಿಕ್ಕೆ ಪರೀಕ್ಷೆಯಲ್ಲಿ ಜಂತುಹುಳದ ಮೊಟ್ಟೆಗಳೂ ಸಿಕ್ಕವು.

ಏಳು ವಾರ ಏನೂ ತಿನ್ನಲಿಲ್ಲ, ಪಾಪ. ಔಷಧಿ ಕೊಡಿಸಿ, ಪೆಟ್ಟಿಗೆಗೆ ಬಟ್ಟೆ ಮುಚ್ಚಿ, ಇಕ್ಕಟ್ಟಾದ ಎರಡು ಗೂಡು ಇಟ್ಟು, ಒಂದು ಬದಿ 32 ಡಿಗ್ರಿ, ಇನ್ನೊಂದು ಬದಿ 26 ಡಿಗ್ರಿ ಇರುವ ಹಾಗೆ ಮಾಡಿ, ಮುಟ್ಟದೆ ಸುಮ್ನೆ ಬಿಟ್ಟೆ. ಒಂದು ರಾತ್ರಿ ಇಲಿ ನುಂಗಿತು! ಕಣ್ಣಲ್ಲಿ ನೀರೇ ಬಂತು.

ಇದೇ ಅಂಗಡಿಯ ಥರ್ಮೋಸ್ಟಾಟ್ (ಪೆಟ್ಟಿಗೆಯ ಬಿಸಿ ಹದದಲ್ಲಿಡುವ ಸಾಧನ) ಚೆನ್ನಾಗಿದೆ, ಆ ಎರಡು ಸ್ಟಾರ್ ಅದಕ್ಕೆ. ಹಾವು ಮಾತ್ರ ಇಲ್ಲಿ ಕೊಳ್ಳಬೇಡಿ.